ಎಳೆಯುವ ಗಾಡಿಯ ರಿಪೇರಿ

"ಅಜ್ಜಾರ, ಗ್ಯಾಸಿನ ಗಾಡಿ ತಗೊಳ್ಳೂಣೋ, ಡೀಸೆಲ್ ಗಾಡಿ ತಗೊಳ್ಳೂಣೋ? ಯಾವುದು ಕೆಡೂದು ಕಡಿಮಿ? ಯಾವುದರ ರಿಪೇರಿ ಅಗ್ಗ?"

ಕೇಳಿದವನು ಚರಂತಯ್ಯ. ಮಠದ ದಾಸೋಹಕ್ಕೆ ಅಕ್ಕಿ, ಬೇಳೆ, ಕಾಯಿಪಲ್ಲೆ ತರಿಸುವ ಹೊಣೆ ಅವನದು. ಮಠದ ಹಳೆಯ ಡೀಸೆಲ್ ಗಾಡಿ ಆ ವರ್ಷ ಮೇಲಿಂದ ಮೇಲೆ ಕೈಕೊಟ್ಟಿತ್ತು. ಭಕ್ತರೊಬ್ಬರು ಹೊಸ ಗಾಡಿ ಕೊಡಿಸಲು ಮುಂದೆ ಬಂದಿದ್ದರು. ಯಾವುದು ಬೇಕೆಂದು ಮಠದವರು ಹೇಳುವುದಷ್ಟೇ ಉಳಿದಿತ್ತು. ಚರಂತಯ್ಯನ ಮನಸ್ಸಿನಲ್ಲಿ ಇನ್ನೊಂದು ಲೆಕ್ಕವೂ ಇತ್ತು. ಹಳೆಯ ಗಾಡಿಯನ್ನು ಮಾರುವಾಗ ಅದನ್ನು ಓಡಿಸುವ ಯಮನೂರಪ್ಪನನ್ನೂ ಬಿಡಿಸಬೇಕು, ಹೊಸ ಗಾಡಿಗೆ ಹೊಸ ಡ್ರೈವರ್ ಬರಬೇಕು. ಯಮನೂರಪ್ಪನ ಕೈ ಬಿರುಸು, ಅದಕ್ಕೇ ಗಾಡಿ ಇಷ್ಟು ಸಲ ಕೆಟ್ಟಿತು ಎಂದು ಅವನು ಆಗಲೇ ಅಜ್ಜಾರ ಕಿವಿಗೆ ಹಾಕಿದ್ದ.

ಅಜ್ಜಾರು ಆ ಮಠದ ಹಿರಿಯ ಸ್ವಾಮಿಗಳು. ಮಠ ಹೆದ್ದಾರಿಯ ಪಕ್ಕದಲ್ಲಿತ್ತು. ಲಾರಿಗಳು ಅಲ್ಲಿ ನಿಲ್ಲುತ್ತಿದ್ದವು, ಡ್ರೈವರುಗಳು ದಾಸೋಹದಲ್ಲಿ ಉಂಡು ಹೋಗುತ್ತಿದ್ದರು. ಉಣ್ಣುವವರ ನಡುವೆ ಕೂತು ಅವರ ಮಾತು ಕೇಳುವುದು ಅಜ್ಜಾರ ಅಭ್ಯಾಸ. ಹಾಗಾಗಿ ಅವರಿಗೆ ವಚನಗಳ ಜೊತೆಗೆ ಕ್ಲಚ್ ಪ್ಲೇಟಿನ ವಿಷಯವೂ ಚೆನ್ನಾಗಿ ಗೊತ್ತಿತ್ತು.

"ಕೂಡು," ಎಂದರು. "ಕೇಳೂದು ಸಣ್ಣದು, ಹೇಳೂದು ಸ್ವಲ್ಪ ಉದ್ದೈತಿ."

ಚರಂತಯ್ಯ ಕೂತ. ಅಜ್ಜಾರು ಹೇಳತೊಡಗಿದರು.

ಒಬ್ಬ ವ್ಯಾಪಾರಿ ಇದ್ದ. ದನಗಳಿಗೆ ಹಾಕುವ ಹಿಂಡಿ, ಬೂಸಾ ಮಾರುವುದು ಅವನ ಕಸುಬು. ಅವನ ಹತ್ತಿರ ಒಂದು ಡೀಸೆಲ್ ಗಾಡಿ ಇತ್ತು. ವ್ಯಾಪಾರ ಬೆಳೆಯಿತು. ಗ್ಯಾಸಿನಲ್ಲಿ ಓಡಿಸಿದರೆ ಖರ್ಚು ಕಡಿಮೆ ಎಂದು ಯಾರೋ ಹೇಳಿದರು. ಅವನು ಗ್ಯಾಸಿನ ಗಾಡಿಯೊಂದನ್ನೂ ಕೊಂಡ. ಎರಡೂ ಒಂದೇ ಅಳತೆಯ ಗಾಡಿಗಳು, ಒಂದೇ ಭಾರ ಹೊರುವಂಥವು. ಎರಡಕ್ಕೂ ಒಬ್ಬೊಬ್ಬ ಡ್ರೈವರ್.

ಗ್ಯಾಸಿನ ಗಾಡಿಯ ಡ್ರೈವರ್ ನೇರ ಮಾತಿನವನು. ಘಟ್ಟದ ಕೆಳಗಿನ ಊರಿಗೆ ಹೋಗು ಎಂದ ಮೊದಲ ದಿನವೇ ಅವನು, "ಆಗೂದಿಲ್ರಿ ಸಾವಕಾರ್ರ. ಲೋಡ್ ಇದ್ದಾಗ ಗ್ಯಾಸಿನ ಗಾಡಿ ಘಟ್ಟದಾಗ ಉಸಿರು ಬಿಡತೈತಿ. ಆ ಕಡೆ ಗ್ಯಾಸ್ ಸಿಗೂದೂ ಇಲ್ಲ," ಎಂದುಬಿಟ್ಟ. ಅವನು ಹೇಳಿದ್ದು ಸುಳ್ಳಲ್ಲ. ವ್ಯಾಪಾರಿ ಒಪ್ಪಿಕೊಂಡ. ಗ್ಯಾಸಿನ ಗಾಡಿ ಸುತ್ತಲಿನ ಊರುಗಳಿಗೆ ಹೋಗಿ ಬರುವುದು, ಡೀಸೆಲ್ ಗಾಡಿ ಘಟ್ಟ ಇಳಿದು ಹತ್ತುವುದು ಎಂದಾಯಿತು. ಇಳಿಯುವಾಗ ಹಿಂಡಿ, ಹತ್ತುವಾಗ ಉಪ್ಪು. ಖಾಲಿ ಬರುವುದೆಂದರೆ ವ್ಯಾಪಾರಿಗೆ ಜೀವ ಹೋದಂತಾಗುತ್ತಿತ್ತು.

ಡೀಸೆಲ್ ಗಾಡಿಯ ಡ್ರೈವರ್ ಹಳಬ. ಏನು ಹೇಳಿದರೂ "ಆತ್ರಿ" ಎನ್ನುವುದೊಂದೇ ಅವನಿಗೆ ಗೊತ್ತಿದ್ದ ಉತ್ತರ. ಮೇಲೆ ನಾಲ್ಕು ಚೀಲ ಹೆಚ್ಚು ಹಾಕಿದರೂ ಆತ್ರಿ. ಬಂದ ಕೂಡಲೇ ತಿರುಗಿ ಹೊರಡು ಎಂದರೂ ಆತ್ರಿ. ಚೀಲ ಏರಿಸುವ ಹಮಾಲರು ಯಾವಾಗಲಾದರೂ, ಭಾರ ಜಾಸ್ತಿ ಆತಲ್ರಿ, ಎಂದರೆ ವ್ಯಾಪಾರಿಯ ಬಾಯಲ್ಲಿ ಒಂದು ಮಾತು ಸಿದ್ಧವಾಗಿರುತ್ತಿತ್ತು: "ಡೀಸೆಲ್ ಗಾಡಿ ಐತಿ, ಎಳೀತೈತಿ ಬಿಡು."

ಗ್ಯಾಸ್ ತುಂಬಿಸುವುದು ಆ ಊರಿನಲ್ಲಿ ದೊಡ್ಡ ಕೆಲಸ. ಪಂಪು ಒಂದೇ. ಆಟೋಗಳು, ಕಾರುಗಳು, ಸಣ್ಣ ಲಾರಿಗಳು ಎಲ್ಲವೂ ಅಲ್ಲಿಗೇ ಬಂದು ಸಾಲು ನಿಲ್ಲುತ್ತಿದ್ದವು. ಗ್ಯಾಸಿನ ಗಾಡಿಯ ಡ್ರೈವರ್ ಆ ಸಾಲಿನಲ್ಲಿ ಅರ್ಧ ಹೊತ್ತು ಕಳೆಯುತ್ತಿದ್ದ. ಕೆಳಗಿಳಿದು ಕೈಕಾಲು ಸಡಿಲ ಮಾಡಿಕೊಳ್ಳುತ್ತಿದ್ದ. ಚಹಾ ಕುಡಿಯುತ್ತಿದ್ದ. ಬೇಸರ ಕಳೆಯಲು ಆಯಿಲ್ ನೋಡುತ್ತಿದ್ದ, ನೀರು ನೋಡುತ್ತಿದ್ದ, ಟೈರಿಗೆ ಒದ್ದು ನೋಡುತ್ತಿದ್ದ. ಏನೂ ಉಳಿಯದಿದ್ದರೆ ಸೀಟಿನ ಮೇಲೆ ಅಡ್ಡಾಗಿ ಒಂದು ನಿದ್ದೆ ತೆಗೆಯುತ್ತಿದ್ದ. ವ್ಯಾಪಾರಿ ಇದನ್ನೆಲ್ಲ ಹೊತ್ತು ಹಾಳು ಎಂದು ಬೈಯುತ್ತಿದ್ದ. ಬೈದರೂ ಸಾಲು ಕರಗುತ್ತಿರಲಿಲ್ಲ.

ಇನ್ನು ಗ್ಯಾಸ್ ಎಂದರೆ ಎಲ್ಲರಿಗೂ ಹೆದರಿಕೆ. ಎಲ್ಲಿ ಸೋರುತ್ತದೋ, ಎಲ್ಲಿ ಹೊತ್ತಿಕೊಳ್ಳುತ್ತದೋ ಎಂದು ವ್ಯಾಪಾರಿ ಆ ಗಾಡಿಯ ಸರ್ವಿಸನ್ನು ಒಂದು ದಿನವೂ ಮುಂದೆ ಹಾಕಲಿಲ್ಲ. ಪ್ಲಗ್ ಬದಲಿಸುವ ಹೊತ್ತಿಗೆ ಪ್ಲಗ್, ಫಿಲ್ಟರ್ ಬದಲಿಸುವ ಹೊತ್ತಿಗೆ ಫಿಲ್ಟರ್. ಸಿಲಿಂಡರಿನ ಪರೀಕ್ಷೆಗೆ ತಾನೇ ಜೊತೆಗೆ ಹೋಗಿ ನಿಂತಿದ್ದ. ಡೀಸೆಲ್ ಗಾಡಿಯ ಬಗ್ಗೆ ಯಾರಿಗೂ ಹೆದರಿಕೆ ಇರಲಿಲ್ಲ. ಡೀಸೆಲ್ ಹಾಕಿಸಿಕೊಳ್ಳುವುದಕ್ಕೆ ಬೀಡಿ ಸೇದುವಷ್ಟು ಹೊತ್ತೂ ಬೇಡ. ಅಷ್ಟರಲ್ಲಿ ಮುಂದಿನ ಲೋಡು ಕಾಯುತ್ತಿರುತ್ತಿತ್ತು. ಆಯಿಲ್ ಬದಲಿಸಬೇಕ್ರಿ ಎಂದು ಡ್ರೈವರ್ ಹೇಳಿದರೆ, ಈ ಸೀಜನ್ ಮುಗಿಯಲಿ ಎಂದು ವ್ಯಾಪಾರಿ. ಒಂದು ಸೀಜನ್ ಮುಗಿಯುವಷ್ಟರಲ್ಲಿ ಇನ್ನೊಂದು ಶುರುವಾಗುತ್ತಿತ್ತು.

ಮೊದಲು ಕ್ಲಚ್ ಪ್ಲೇಟ್ ಹೋಯಿತು. ಆಮೇಲೆ ಇಂಜೆಕ್ಟರ್. ಒಂದು ದಿನ ಘಟ್ಟದ ನಡುವೆ ಎಂಜಿನ್ ಕಾದು ಹೆಡ್ ಗ್ಯಾಸ್ಕೆಟ್ ಸುಟ್ಟಿತು. ಉಪ್ಪಿನ ಚೀಲಗಳನ್ನು ಬೇರೆ ಗಾಡಿಗೆ ಏರಿಸಿ ಇದನ್ನು ಹಗ್ಗ ಕಟ್ಟಿ ಎಳೆತರಬೇಕಾಯಿತು.

ವ್ಯಾಪಾರಿ ತಲೆಯ ಮೇಲೆ ಕೈ ಹೊತ್ತು ಕೂತ. ಎರಡು ಗಾಡಿಗಳ ರಿಪೇರಿ ಖರ್ಚನ್ನು ಹೋಲಿಸಿ ನೋಡಿದ. ಗ್ಯಾಸಿನದಕ್ಕೆ ಚಿಲ್ಲರೆ ಖರ್ಚು, ಡೀಸೆಲಿನದಕ್ಕೆ ಕಣ್ಣು ಕತ್ತಲೆ ಬರುವಷ್ಟು. ಎರಡೂ ಅವನವೇ ಗಾಡಿಗಳು, ಒಂದೇ ಅಂಗಡಿ, ಒಂದೇ ಮಾಲು. ಇದಕ್ಕಿಂತ ಒಳ್ಳೆಯ ಹೋಲಿಕೆ ಎಲ್ಲಿ ಸಿಗಬೇಕು? ಡೀಸೆಲ್ ಎಂಜಿನ್ನನ್ನು ನಂಬುವಂತಿಲ್ಲ ಎಂದು ತೀರ್ಮಾನಿಸಿದ. ಎಂಜಿನ್ನಿನ ಮೇಲೆ ಹೊರಿಸಿ ಉಳಿದ ತಪ್ಪನ್ನು ಡ್ರೈವರನ ಮೇಲೆ ಹೊರಿಸಿದ. ಗಾಡಿ ಮಾರುತ್ತೇನೆ, ಅವನನ್ನೂ ಬಿಡಿಸುತ್ತೇನೆ, ಅವನದು ಗಾಡಿ ಹಾಳುಮಾಡುವ ಕೈ ಎಂದು ನಾಲ್ಕು ಜನರ ಮುಂದೆ ಅಂದ.

ಡ್ರೈವರನಿಗೆ ಇದಕ್ಕಿಂತ ಕೆಟ್ಟ ಮಾತು ಇನ್ನೊಂದಿಲ್ಲ. ಕುಡಿಯುತ್ತಾನೆ ಎಂದರೂ ಯಾರಾದರೂ ಕೆಲಸ ಕೊಟ್ಟಾರು. ಗಾಡಿ ಹಾಳುಮಾಡುತ್ತಾನೆ ಎಂದರೆ ಯಾವ ಮಾಲೀಕನೂ ಬೀಗದ ಕೈ ಕೊಡುವುದಿಲ್ಲ. ಆ ಮಾತು ಅವನಿಗಿಂತ ಮುಂಚೆ ಲಾರಿ ಸ್ಟ್ಯಾಂಡ್ ತಲುಪಿತು. ಹೊಸದಾಗಿ ಕೆಲಸ ಹುಡುಕುವ ವಯಸ್ಸೂ ಅವನದಲ್ಲ. ಪಾಪ, ಅವನು ಯಾರ ಹತ್ತಿರವೂ ಜಗಳಾಡಲಿಲ್ಲ. ಮರುದಿನ ಎಂದಿನಂತೆ ಬಂದು, ರಿಪೇರಿಯಾಗಿ ಬಂದಿದ್ದ ಗಾಡಿಯ ಗಾಜು ಒರೆಸಿದ.

ವ್ಯಾಪಾರಿ ಕೆಟ್ಟವನಲ್ಲ. ಹಳೆಯ ಮನುಷ್ಯನನ್ನು ಸುಮ್ಮನೆ ಕಳಿಸಲು ಅವನಿಗೆ ಒಳಗೊಳಗೇ ಚುಚ್ಚುತ್ತಿತ್ತು. ಒಂದು ಸಲ ಅವನ ತಪ್ಪನ್ನು ಕಣ್ಣಾರೆ ಕಂಡರೆ ಮನಸ್ಸು ಹಗುರವಾಗುತ್ತದೆ ಎಂದುಕೊಂಡ. ಅಂಗಡಿಯಲ್ಲಿ ಯಾರಿಗೂ ಹೇಳದೆ ಊರ ಹೊರಗಿನ ಬೈಪಾಸಿನಲ್ಲಿ ಹೋಗಿ ನಿಂತ. ಡೀಸೆಲ್ ಗಾಡಿ ಬಂದಾಗ ಕೈ ಮಾಡಿ ಹತ್ತಿ ಕೂತ. ಡ್ರೈವರ್ ಸೀಟಿನ ಮೇಲಿದ್ದ ಟವೆಲ್ಲಿನಿಂದ ಸಾವಕಾರರಿಗೆ ಜಾಗ ಒರೆಸಿಕೊಟ್ಟ.

ಘಟ್ಟ ಇಳಿಯುವಾಗ ಡೀಸೆಲ್ ಉಳಿಸಲು ಗಾಡಿಯನ್ನು ನ್ಯೂಟ್ರಲ್ ಮಾಡಿ ಬಿಡುತ್ತಾನೇನೋ ಎಂದು ವ್ಯಾಪಾರಿ ಗೇರಿನ ಮೇಲೇ ಕಣ್ಣಿಟ್ಟಿದ್ದ. ಡ್ರೈವರ್ ಸಣ್ಣ ಗೇರಿನಲ್ಲೇ ಇಳಿಸಿದ. ಹಿಂಡಿ ಇಳಿಯಿತು, ಉಪ್ಪು ಏರಿತು. ಹೆಚ್ಚಿನ ಚೀಲಗಳೂ ಏರಿದವು, ಅದು ವ್ಯಾಪಾರಿಯದೇ ಕಟ್ಟಪ್ಪಣೆ. ತಿರುಗಿ ಹತ್ತುವಾಗ ಗಾಡಿ ಮುಲುಗತೊಡಗಿತು. ಕ್ಯಾಬಿನ್ನಿನ ನೆಲ ಕಾಲಿಗೆ ಸುಡುತ್ತಿತ್ತು. ಅರ್ಧ ಘಟ್ಟಕ್ಕೆ ಬಂದಾಗ ಕಾವು ತೋರಿಸುವ ಮೀಟರಿನ ಮುಳ್ಳು ಮೇಲೇರಿತು. ಡ್ರೈವರ್ ರಸ್ತೆ ಅಗಲವಿದ್ದ ಕಡೆ ಗಾಡಿಯನ್ನು ಪಕ್ಕಕ್ಕೆ ಹಾಕಿ, ಎಂಜಿನ್ ಬಂದ್ ಮಾಡದೆ, ಮುಳ್ಳು ಇಳಿಯುವುದನ್ನೇ ನೋಡುತ್ತ ಕೂತ. ಕಾದ ಎಂಜಿನ್ನನ್ನು ಒಮ್ಮೆಲೇ ಬಂದ್ ಮಾಡಬಾರದು, ಹಾಗೇ ಓಡಿಸಲೂಬಾರದು. ವ್ಯಾಪಾರಿಗೆ ಅವನ ಕೈಯಲ್ಲಿ ಹುಡುಕಿದರೂ ಬಿರುಸು ಕಾಣಲಿಲ್ಲ.

ಆಗ ಡ್ರೈವರನ ಫೋನ್ ರಿಂಗಾಯಿತು. ಅಂಗಡಿಯ ಗುಮಾಸ್ತ. ಎಂಜಿನ್ನಿನ ಸದ್ದಿಗೆ ಕೇಳುವುದಿಲ್ಲವೆಂದು ಡ್ರೈವರ್ ಸ್ಪೀಕರ್ ಹಾಕಿದ.

"ಎಲ್ಲಿದ್ದೀಪಾ?"

"ಘಟ್ಟದಾಗ ಅದೀನ್ರಿ. ಗಾಡಿ ಕಾದೈತಿ, ಸ್ವಲ್ಪ ಆರಲಿ ಅಂತ ನಿಂತೇನಿ."

"ದಿನಾ ಇದ ಆತಲ್ಲ ನಿಂದು! ಇಲ್ಲಿ ಮುಂದಿನ ಲೋಡ್ ತುಂಬಿಸಿ ಇಟ್ಟೇವಿ. ಡೀಸೆಲ್ ಗಾಡಿ ಐತಿ, ಎಳೀತೈತಿ ಬಿಡು. ಸಾವಕಾರ್ರು ಹೇಳ್ಯಾರ. ಹೊಂಟು ಬಾ."

"ಆತ್ರಿ," ಎಂದು ಡ್ರೈವರ್ ಫೋನ್ ಇಟ್ಟ. ಪಕ್ಕದಲ್ಲೇ ಸಾವಕಾರರು ಕೂತಿದ್ದಾರೆ ಎಂದು ಅವನು ಗುಮಾಸ್ತನಿಗೆ ಹೇಳಲಿಲ್ಲ. ಮುಳ್ಳು ಇನ್ನೂ ಮೇಲೇ ಇತ್ತು. ಅವನು ಗೇರ್ ಹಾಕಿದ.

ವ್ಯಾಪಾರಿ ಆ ಮಾತನ್ನು ಎಷ್ಟು ಸಲ ಆಡಿದ್ದನೋ ಅವನಿಗೇ ಗೊತ್ತಿರಲಿಲ್ಲ. ಅಂಗಡಿಯ ಗಾದಿಯ ಮೇಲೆ ಕೂತು ಆಡಿದಾಗ ಅದು ಬಹಳ ಹಗುರವಾದ ಮಾತು. ಕಾಲ ಕೆಳಗೆ ಎಂಜಿನ್ ಸುಡುತ್ತಿರುವಾಗ, ಎದುರಿಗೆ ಇನ್ನೂ ಅರ್ಧ ಘಟ್ಟ ಉಳಿದಿರುವಾಗ ಅದನ್ನು ಅವನು ಮೊದಲ ಸಲ ಕೇಳಿದ. ಅವನಿಗೆ ನಾಚಿಕೆಯಾಯಿತು, ಬಹಳ ನಾಚಿಕೆಯಾಯಿತು.

"ನಿಲ್ಲಿಸು," ಎಂದ. "ಎಷ್ಟು ಹೊತ್ತ ಬೇಕೋ ಅಷ್ಟು ಹೊತ್ತ ನಿಲ್ಲಲಿ. ಇಷ್ಟು ದಿನ ನನಗ್ಯಾಕ ಒಂದ್ ಮಾತು ಹೇಳ್ಲಿಲ್ಲ ನೀನು?"

ಡ್ರೈವರ್ ಗೇರ್ ತೆಗೆದ. "ಮೊದಮೊದಲ ಹೇಳಿದ್ನಲ್ರಿ ಸಾವಕಾರ್ರ," ಎಂದ. ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ವ್ಯಾಪಾರಿಗೆ ಅಷ್ಟು ನೋಯುತ್ತಿರಲಿಲ್ಲ.

ವ್ಯಾಪಾರಿ ಗಾಡಿ ಮಾರಲಿಲ್ಲ. ಡ್ರೈವರನದು ಗಾಡಿ ಹಾಳುಮಾಡುವ ಕೈ ಎಂದು ಯಾರ ಯಾರ ಮುಂದೆ ಅಂದಿದ್ದನೋ ಅವರ ಹತ್ತಿರವೆಲ್ಲ ತಾನೇ ಹೋಗಿ, ನಾನು ಅಂದದ್ದು ತಪ್ಪು ಎಂದು ಹೇಳಿ ಬಂದ. ಆಮೇಲೆ ಆಯಿಲ್ ಹೊತ್ತಿಗೆ ಸರಿಯಾಗಿ ಬದಲಾಯಿತು. ಹೆಚ್ಚಿನ ಚೀಲ ನಿಂತಿತು. ಗ್ಯಾಸಿನ ಗಾಡಿ ಸಾಲಿನಲ್ಲಿ ಕಾಯುವಷ್ಟು ಹೊತ್ತು ಡೀಸೆಲ್ ಗಾಡಿಗೂ ಘಟ್ಟದ ಮೇಲೆ ಬಿಡುವು ಸಿಕ್ಕಿತು. ಅದರ ರಿಪೇರಿ ಖರ್ಚು ಇಳಿಯಿತು. ಗ್ಯಾಸಿನದರಷ್ಟು ಇಳಿಯಲಿಲ್ಲ. ಘಟ್ಟ ಹತ್ತುವ ಗಾಡಿಗೂ ಊರು ಸುತ್ತುವ ಗಾಡಿಗೂ ಖರ್ಚು ಒಂದೇ ಆಗುವುದು ಸಾಧ್ಯವಿಲ್ಲವೆಂದು ಅವನಿಗೆ ಆಗ ಹೊಳೆಯಿತು. ಅಷ್ಟು ದಿನ ತಾನು ಹೋಲಿಸಿದ್ದು ಎರಡು ಎಂಜಿನ್ನುಗಳನ್ನಲ್ಲ ಎಂಬುದೂ ಹೊಳೆಯಿತು.

ಅಜ್ಜಾರು ನಿಲ್ಲಿಸಿ ನೀರು ಕುಡಿದರು.

ಚರಂತಯ್ಯನಿಗೆ ಕತೆ ಹಿಡಿಸಿತ್ತು, ಆದರೆ ಉತ್ತರ ಸಿಕ್ಕಿರಲಿಲ್ಲ. ಅವನು ಕೆಲಸದ ಮನುಷ್ಯ. "ಅದೆಲ್ಲ ಖರೇರಿ ಅಜ್ಜಾರ. ಆದ್ರ ಭಕ್ತರಿಗೆ ನಾ ಏನಂತ ಹೇಳ್ಲಿ? ಎಂಜಿನ್ನಿನಾಗ ಫರಕ ಇಲ್ಲ ಅಂತೀರೇನು?"

"ಯಾಕಿಲ್ಲ? ಐತಿ," ಎಂದರು ಅಜ್ಜಾರು. ಅವರಿಗೆ ಎಂಜಿನ್ನಿನ ಮಾತು ಆಡುವುದೆಂದರೆ ಖುಷಿ. "ಡೀಸೆಲ್ ಎಂಜಿನ್ ಗಟ್ಟಿ. ದೂರ ಹೋಗೂದಕ್ಕ, ಭಾರ ಎಳಿಯೂದಕ್ಕ ಅದ ಬೇಕು. ಅದು ಸುಮ್ಮ ಸುಮ್ಮನ ಕೆಡೂದಿಲ್ಲ. ಆದ್ರ ಕೆಟ್ಟಾಗ ಪಂಪು, ಇಂಜೆಕ್ಟರು, ಟರ್ಬೋ ಅಂತ ಮನಿ ತೊಳೀತೈತಿ. ಗ್ಯಾಸಿಂದು ಸಣ್ಣ ಸಣ್ಣ ಖರ್ಚು, ಮೇಲಿಂದ ಮೇಲೆ ಬರತೈತಿ. ಪ್ಲಗ್, ಫಿಲ್ಟರ್, ಸಿಲಿಂಡರ್ ಟೆಸ್ಟಿಂಗ್. ಎಳಿಯೂ ತಾಕತ್ತು ಸ್ವಲ್ಪ ಕಡಿಮಿ. ನಮ್ಮದು ಏನೈತಿ? ಸಂತೀಗೆ ಹೋಗೂದು, ಬರೂದು. ಹಾದಿ ಸಪಾಟ ಐತಿ. ಗ್ಯಾಸಿನ ಪಂಪು ಇಲ್ಲೇ ಆಗೇತಿ. ನಮಗ ಗ್ಯಾಸಿನದ ಸಾಕು."

ಚರಂತಯ್ಯನ ಮುಖ ಅರಳಿತು. ಬೇಕಾದದ್ದು ಸಿಕ್ಕಿತ್ತು. ಅವನು ಎದ್ದು ನಿಂತು ಅಜ್ಜಾರ ಪಾದಕ್ಕೆ ಕೈ ಮುಟ್ಟಿಸಿದ.

"ಹಂಗಾರ ಗ್ಯಾಸಿನದ ಬರಲಿ ಅಂತ ಹೇಳ್ತೀನ್ರಿ. ಯಮನೂರಪ್ಪನ ಜಾಗಾಕ್ಕ ಒಬ್ಬ ಚಲೋ ಡ್ರೈವರನ್ನೂ ನೋಡಿ ಇಡ್ತೀನಿ."

"ನೋಡು," ಎಂದರು ಅಜ್ಜಾರು. "ಅದಕ್ಕೂ ಮೊದಲ ಒಂದು ಹೇಳು ಚರಂತಯ್ಯ: ನೀ ಹೇಳಿದ ಕೆಲಸಕ್ಕ ಯಮನೂರಪ್ಪ ಇಷ್ಟು ವರ್ಷದಾಗ ಒಂದ್ ಸಲಾನಾದ್ರೂ 'ಆಗೂದಿಲ್ರಿ' ಅಂದಾನೇನು?"

ಯಮನೂರಪ್ಪ ಹಾಗೆ ಅಂದ ಒಂದು ದಿನವೂ ಚರಂತಯ್ಯನಿಗೆ ನೆನಪಾಗಲಿಲ್ಲ. ಅವನು ಮತ್ತೆ ಅಲ್ಲೇ ಕೂತುಕೊಂಡ.