ಮೋಡದ ಕೆಳಗೆ ನಡೆದು ಹೋದವನು

ಶಿಷ್ಯ ಕೇಳಿದ: "ಗುರುಗಳೇ, ಬೇಡವಾದುದನ್ನು ಬಿಟ್ಟಷ್ಟೂ ಬೇಕಾದದ್ದು ಸ್ಪಷ್ಟವಾಗಿ ಕಾಣುತ್ತದೆ. ನನ್ನ ಅನುಭವವೂ ಅದೇ. ಹಾಗಿರುವಾಗ ಬಿಡುವ ಮೊದಲು ಯೋಚಿಸು ಎಂದು ನೀವು ಏಕೆ ಹೇಳುತ್ತೀರಿ?"

ಅವನು ಮಠಕ್ಕೆ ಬಂದು ನಾಲ್ಕು ವರ್ಷವಾಗಿತ್ತು. ಗುರುಗಳು ಓದುತ್ತಿದ್ದ ಪುಸ್ತಕವನ್ನು ಮುಚ್ಚಿಟ್ಟು ಈ ಕತೆ ಹೇಳಿದರು.

ಒಬ್ಬ ಛಾಯಾಗ್ರಾಹಕನಿದ್ದ. ಹೊಟ್ಟೆಪಾಡಿಗೆ ಒಂದು ಶಾಲೆಯಲ್ಲಿ ಚಿತ್ರಕಲೆ ಹೇಳಿಕೊಡುತ್ತಿದ್ದ. ಮನಸ್ಸೆಲ್ಲ ಮೋಡಗಳಲ್ಲಿತ್ತು. ರಜೆ ಸಿಕ್ಕಿದರೆ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಎರೆಹೊಲಗಳ ಬಯಲಿಗೆ ಹೋಗುತ್ತಿದ್ದ. ಒಬ್ಬನೇ ಹೋಗುತ್ತಿದ್ದ. ಜೊತೆಗೆ ಯಾರಾದರೂ ಬಂದರೆ ಮಾತಾಡುತ್ತಾರೆ, ಮಾತಾಡುವಷ್ಟರಲ್ಲಿ ಮೋಡದ ಆಕಾರ ಬದಲಾಗಿಬಿಡುತ್ತದೆ ಎನ್ನುತ್ತಿದ್ದ.

ಅವನ ಕೌಶಲವಿದ್ದದ್ದು ಚಿತ್ರ ತೆಗೆಯುವುದರಲ್ಲಿ ಅರ್ಧ, ಕತ್ತರಿಸುವುದರಲ್ಲಿ ಅರ್ಧ. ಮನೆಗೆ ಬಂದು ಚಿತ್ರವನ್ನು ಪರದೆಯ ಮೇಲೆ ಹಾಕಿಕೊಂಡು ಗಂಟೆಗಟ್ಟಲೆ ನೋಡುತ್ತಿದ್ದ. ಬಳಿಕ ಅಂಚುಗಳಿಂದ ಒಳಗೆ ಬರುತ್ತಿದ್ದ. ವಿದ್ಯುತ್ ಕಂಬ ಹೋಗುತ್ತಿತ್ತು. ಮನೆಯ ಮಾಡು, ರಸ್ತೆಯ ತುದಿ, ಮೇಯುವ ಎಮ್ಮೆ, ಒಂದೊಂದೂ ಹೋಗುತ್ತಿದ್ದವು. ನೆಲ ಕೊನೆಗೆ ಒಂದು ಪಟ್ಟಿಯಷ್ಟು ಉಳಿಯುತ್ತಿತ್ತು. ನೆಲ ಬರಿದಾದಷ್ಟೂ ಮುಗಿಲು ದೊಡ್ಡದಾಗುತ್ತದೆ ಎಂದು ಅವನು ಕಂಡುಕೊಂಡಿದ್ದ. ಕತ್ತರಿಸಿದ ಮೇಲೆ ಮೂಲ ಚಿತ್ರವನ್ನು ಅಳಿಸಿಹಾಕುತ್ತಿದ್ದ. ಅದು ಉಳಿದರೆ ಮನಸ್ಸು ಅಲ್ಲಿಗೆ ಹೋಗುತ್ತದೆ ಎಂಬುದು ಅವನ ಭಯ.

ಒಂದು ನಾಗರಪಂಚಮಿಗೆ ಅವನ ತಂಗಿ ಬಂದಿದ್ದಳು. "ಅಣ್ಣಾ, ನನ್ನದೊಂದು ಫೋಟೋ ತಗೀ" ಎಂದಳು. ತಾನು ಮನುಷ್ಯರ ಚಿತ್ರ ತೆಗೆಯುವುದಿಲ್ಲ ಎಂದು ಅವನು ಹೇಳಿದ. ಅವಳು ನಕ್ಕಳು. ಮರುವರ್ಷದ ಪಂಚಮಿಗೆ ಬರಲಿಲ್ಲ. ಅವಳು ಬರಲಿಲ್ಲವೆಂದು ಅವನಿಗೆ ಹೊಳೆದದ್ದು ಹಬ್ಬ ಕಳೆದು ಒಂದು ವಾರವಾದ ಮೇಲೆ.

ಮುಂಗಾರಿಗೆ ಇನ್ನೂ ಮೂರು ವಾರವಿದ್ದಾಗ, ಒಂದು ಇಳಿಹೊತ್ತು, ಅವನು ಬಯಲಿನಲ್ಲಿ ಕಾಯುತ್ತಿದ್ದ. ಪಡುವಣದಲ್ಲಿ ಒಂದು ಮೋಡ ಎದ್ದಿತು. ಬುಡ ಕಪ್ಪಾಗಿತ್ತು. ನಡುವೆ ಹತ್ತಿಯ ರಾಶಿಯಂತೆ ಉಕ್ಕಿ, ನೆತ್ತಿಯಲ್ಲಿ ಕಮ್ಮಾರನ ಅಡಿಗಲ್ಲಿನಂತೆ ಚಪ್ಪಟೆಯಾಗಿ ಹರಡಿಕೊಂಡಿತ್ತು. ಅದರ ಹಿಂದಿನಿಂದ ಬಿಸಿಲು ಬಂದು ಅಂಚಿಗೆಲ್ಲ ಬೆಂಕಿ ಹತ್ತಿದ ಹಾಗಾಯಿತು. ಅಂಥ ಮೋಡವನ್ನು ಅವನು ಹಿಂದೆ ಕಂಡಿರಲಿಲ್ಲ. ಒಂದೇ ಒಂದು ಚಿತ್ರ ತೆಗೆದ. ಅಷ್ಟರಲ್ಲಿ ಬೆಳಕು ಹೋಯಿತು. ಗಾಳಿ ಬಂತು, ಆಲಿಕಲ್ಲು ಬಿತ್ತು. ಅವನು ಕ್ಯಾಮೆರಾವನ್ನು ಅಂಗಿಯೊಳಗೆ ಇಟ್ಟುಕೊಂಡು ಬೈಕಿನ ಕಡೆಗೆ ಓಡಿದ.

ಮನೆಯಲ್ಲಿ ನೋಡಿದರೆ ಚಿತ್ರದ ಎಡಮೂಲೆಯಲ್ಲಿ, ಒಂದು ಹುಣಸೆಮರದ ಬದಿಯಲ್ಲಿ, ಒಬ್ಬ ಮನುಷ್ಯನಿದ್ದ. ಜೋಳದ ಕಾಳಿನಷ್ಟು ಇದ್ದ. ತಲೆಯ ಮೇಲಿಂದ ಕಂಬಳಿ ಹೊದ್ದು ನಡೆಯುತ್ತಿದ್ದ. ಅಷ್ಟು ದೊಡ್ಡ ಮೋಡವಿದ್ದರೂ ಕಣ್ಣು ಮೊದಲು ಅವನ ಮೇಲೆಯೇ ಹೋಗುತ್ತಿತ್ತು. ಛಾಯಾಗ್ರಾಹಕನಿಗೆ ಇದು ಸರಿಬರಲಿಲ್ಲ. ಎಡಗಡೆಯಿಂದ ಎರಡು ಬೆರಳಷ್ಟು ತೆಗೆದರೆ ಅವನು ಹೋಗುತ್ತಾನೆ, ಮರ ಉಳಿಯುತ್ತದೆ ಎಂದು ಲೆಕ್ಕ ಹಾಕಿದ. ಕತ್ತರಿಸಿದ. ಎಂದಿನಂತೆ ಮೂಲವನ್ನು ಅಳಿಸಿದ.

ಆ ಚಿತ್ರ ಅವನಿಗೆ ಹೆಸರು ತಂದಿತು. ಪತ್ರಿಕೆಯಲ್ಲಿ ದಿನಾಂಕ, ಸ್ಥಳದ ಸಮೇತ ಅಚ್ಚಾಯಿತು. ಐದು ತಿಂಗಳ ಮೇಲೆ ಪಟ್ಟಣದ ಗ್ರಂಥಾಲಯದ ಸಭಾಂಗಣದಲ್ಲಿ ಅವನ ಚಿತ್ರಗಳ ಪ್ರದರ್ಶನ ನಡೆಯಿತು. ಜನ ಆ ಮೋಡದ ಮುಂದೆ ಬಂದು ಮಾತು ನಿಲ್ಲಿಸುತ್ತಿದ್ದರು. ಭೂಮಿಯ ಮೇಲೆ ಯಾರೂ ಇಲ್ಲದ ಹೊತ್ತು ಹೀಗೇ ಇದ್ದೀತು ಎಂದು ಒಬ್ಬರು ಬರೆದರು. ಅವನಿಗೆ ಸಂತೋಷವಾಯಿತು.

ಮೂರನೆಯ ದಿನ ಒಬ್ಬ ಹೆಂಗಸು ಬಂದಳು. ಉಳಿದ ಚಿತ್ರಗಳ ಕಡೆಗೆ ತಿರುಗಲಿಲ್ಲ. ಈ ಚಿತ್ರದ ಮುಂದೆ ನಿಂತಳು. ಮೋಡವನ್ನೂ ನೋಡಲಿಲ್ಲ. ಬಗ್ಗಿ ಕೆಳಗಿನ ಎಡಮೂಲೆಯನ್ನು ನೋಡಿದಳು. ಚೌಕಟ್ಟಿನ ಒಳಗೆ ಇಣುಕುವವಳಂತೆ ಗೋಡೆಗೆ ಕೆನ್ನೆ ತಾಗಿಸಿ ನೋಡಿದಳು. ಅವನು ಹತ್ತಿರ ಹೋದ.

"ಈ ಫೋಟೋ ತೆಗೆದವರು ನೀವ ಏನ್ರಿ?" ಎಂದಳು. ಅವನು ಹೌದೆಂದ.

"ಪೇಪರನ್ಯಾಗ ತಾರೀಖು ನೋಡಿ ಬಂದೇನ್ರಿ. ಹುಣಸಿಗಿಡದ ಬಾಜೂಕ ಒಬ್ಬ ಮನುಷ್ಯಾ ಇರಬೇಕಿತ್ತರಿ. ನನ್ನ ಗಂಡ. ಗ್ಯಾನಪ್ಪ ಅಂತ ಅವನ ಹೆಸರು. ಅವತ್ತ ಮಧ್ಯಾಹ್ನ ಮನ್ಯಾಗ ಮಾತಿಗೆ ಮಾತು ಬೆಳೀತು. ಕಂಬಳಿ ತಗೊಂಡು ಹೊರಗ ಬಿದ್ದ. ತಿರುಗಿ ಬರಲಿಲ್ಲ. ಆ ಗಿಡದ ಹತ್ತರ ಅವನ್ನ ಕಂಡವರದಾರ, ಯಾವ ಕಡೆ ಮುಖಾ ಮಾಡಿದ್ದ ಅನ್ನೋದು ಯಾರಿಗೂ ನೆನಪಿಲ್ಲ. ಆ ಹಾದಿ ಒಂದ ಕಡೆ ಟೇಶನ್ನಿಗೆ ಹೋಗತೈತಿ, ಒಂದ ಕಡೆ ನಮ್ಮೂರಿಗೆ. ಟೇಶನ್ ಕಡೆ ಹೊಂಟಿದ್ರ ನನ್ನ ಬಿಟ್ಟು ಹೋಗ್ಯಾನ, ಎಲ್ಲೋ ಜೀವಂತ ಅದಾನ. ಊರ ಕಡೆ ಹೊಂಟಿದ್ರ ಸಿಟ್ಟು ಇಳದು ಮನಿಗೆ ಬರಾಕತ್ತಿದ್ದ, ಅವತ್ತಿನ ಮಳಿಗೆ ತುಂಬಿದ ಹಳ್ಳ ಅವನ್ನ ಒಯ್ದೈತಿ. ಎರಡರಾಗ ಯಾವುದಾದ್ರೂ ಆಗಲಿ, ಒಂದು ತಿಳದ್ರ ಆ ಪ್ರಕಾರ ಅಳತೀನ್ರಿ."

ಛಾಯಾಗ್ರಾಹಕ ನೆನಪು ಮಾಡಿಕೊಂಡ. ಆ ಮನುಷ್ಯ ಎಷ್ಟು ಗಾತ್ರವಿದ್ದ ಎಂಬುದು ನೆನಪಿತ್ತು. ಅಂಚಿನಿಂದ ಎಷ್ಟು ದೂರವಿದ್ದ, ಅವನನ್ನು ತೆಗೆಯಲು ಎಷ್ಟು ಕತ್ತರಿಸಬೇಕಾಯಿತು ಎಂಬುದೂ ನೆನಪಿತ್ತು. ಕಂಬಳಿ ಹೊದ್ದವನ ಹಿಂದು ಮುಂದು ತಿಳಿಯಬೇಕಾದರೆ ಕಾಲು ನೋಡಬೇಕು. ಅವನು ಕಾಲು ನೋಡಿರಲಿಲ್ಲ.

ಸುಳ್ಳು ಹೇಳುವುದು ಸುಲಭವಿತ್ತು. ಆದರೆ ಯಾವ ಸುಳ್ಳು ಇವಳಿಗೆ ಒಳ್ಳೆಯದು ಎಂಬುದು ತಿಳಿಯಲಿಲ್ಲ.

"ಇದ್ದ, ತಾಯಿ. ನಾನೇ ಕತ್ತರಿಸಿ ತೆಗೆದೆ. ಯಾವ ಕಡೆ ಹೋಗುತ್ತಿದ್ದ ಎಂದು ನೋಡಲಿಲ್ಲ" ಎಂದ.

ಅವಳು ಬೈಯಲಿಲ್ಲ. "ಕಂಬಳಿ ಹೊದ್ದಿದ್ದನೇನ್ರಿ?" ಎಂದಳು.

"ಹೊದ್ದಿದ್ದ."

"ಹಂಗಾದ್ರ ಆಲಿಕಲ್ಲು ತಲಿಗೆ ಬಡದಿರಲಿಕ್ಕಿಲ್ಲ" ಎಂದಳು. ಚೌಕಟ್ಟಿನ ಎಡಕ್ಕೆ, ಬರಿಯ ಗೋಡೆಯ ಮೇಲೆ ಒಮ್ಮೆ ಅಂಗೈ ಇಟ್ಟಳು. ಹೊರಟುಹೋದಳು.

ಅವನು ಅಂದೇ ಚಿತ್ರವನ್ನು ಕೆಳಗಿಳಿಸಿದ. ಅಳಿಸಿದ್ದನ್ನು ಮರಳಿ ತೆಗೆಯಬಲ್ಲ ಒಬ್ಬನಿದ್ದಾನೆಂದು ಕೇಳಿ ಕ್ಯಾಮೆರಾದ ಕಾರ್ಡನ್ನು ಅವನ ಅಂಗಡಿಗೆ ಒಯ್ದ. ಅಂಗಡಿಯವನು ಎರಡು ದಿನ ಪ್ರಯತ್ನಿಸಿದ. "ಸಾರ್, ಆ ಜಾಗದ ಮೇಲೆ ಬೇರೆ ಮೋಡಗಳು ಬಂದು ಕೂತಿವೆ" ಎಂದು ಕಾರ್ಡನ್ನು ಹಿಂದಿರುಗಿಸಿದ.

ಒಂದು ಭಾನುವಾರ ಅವನು ಹೆಂಗಸಿನ ಊರಿಗೆ ಹೋದ. ಅವಳು ಕಟ್ಟೆಯ ಮೇಲೆ ಕೂರಿಸಿ ಚಹಾ ಕೊಟ್ಟಳು. ಅವಳ ಕೈಯಲ್ಲಿ ಹಸಿರು ಬಳೆಗಳಿದ್ದವು, ಹಣೆಯಲ್ಲಿ ಕುಂಕುಮವಿರಲಿಲ್ಲ. ಊರಿನ ಕೆಲವರು ಅವಳನ್ನು ಮುತ್ತೈದೆಯೆಂದು ಅರಿಶಿನಕ್ಕೆ ಕರೆಯುತ್ತಿದ್ದರು, ಕೆಲವರು ಕರೆಯುತ್ತಿರಲಿಲ್ಲ. ಅವಳು ಯಾರ ಮನೆಗೂ ಹೋಗುವುದನ್ನು ಬಿಟ್ಟಿದ್ದಳು. ಗ್ಯಾನಪ್ಪನ ಫೋಟೋ ಇದ್ದರೆ ದೊಡ್ಡದು ಮಾಡಿಕೊಡುತ್ತೇನೆಂದು ಅವನು ಹೇಳಿದ. ಒಂದೂ ಇರಲಿಲ್ಲ. ಗ್ಯಾನಪ್ಪನ ಜೀವಮಾನದಲ್ಲಿ ಅವನು ಫೋಟೋಗೆ ಸಿಕ್ಕಿದ್ದು ಆ ಒಂದೇ ಸಲ. ಅವನು ಲೋಟವನ್ನು ಕೆಳಗಿಟ್ಟು ಎದ್ದ.

ಮುಂದಿನ ಬೇಸಿಗೆಯಲ್ಲಿ ಅವನು ಅದೇ ಹೊಲಕ್ಕೆ ಹೋಗಿ, ಕ್ಯಾಮೆರಾ ನಿಲ್ಲಿಸಿದ್ದ ಜಾಗದಲ್ಲಿಯೇ ನಿಂತ. ಅಲ್ಲಿ ಕಾಲುದಾರಿ ಇತ್ತೆಂಬುದು ಅವನ ಕಣ್ಣಿಗೆ ಬಿದ್ದದ್ದು ಆಗಲೇ. ಊರಿನ ಕಡೆಗೆ ಜನ ಹೋಗುತ್ತಿದ್ದರು, ಊರಿನಿಂದ ಜನ ಬರುತ್ತಿದ್ದರು. ಹುಣಸೆಮರದ ಹತ್ತಿರ ಬಂದಾಗ ಎಲ್ಲರೂ ಜೋಳದ ಕಾಳಿನಷ್ಟೇ ಕಾಣುತ್ತಿದ್ದರು. ಒಬ್ಬೊಬ್ಬರ ಕಾಲನ್ನೂ ನೋಡಿದ. ಯಾರ ಕಾಲೂ ಅವನಿಗೆ ಏನನ್ನೂ ನೆನಪಿಗೆ ತರಲಿಲ್ಲ.

ಆಮೇಲೆ ಅವನು ಚಿತ್ರಗಳನ್ನು ಕತ್ತರಿಸಲಿಲ್ಲ. ಕಂಬ, ತಂತಿ, ಎಮ್ಮೆ, ದಾರಿಹೋಕರು ಎಲ್ಲ ಇದ್ದ ಹಾಗೆಯೇ ಉಳಿದರು. ಆ ಚಿತ್ರಗಳ ಮುಂದೆ ಯಾರೂ ಹೆಚ್ಚು ಹೊತ್ತು ನಿಲ್ಲಲಿಲ್ಲ. ಪತ್ರಿಕೆಯವರು ಕೇಳುವುದನ್ನು ಬಿಟ್ಟರು. ತಂಗಿಯ ಊರಿಗೆ ಹೋಗಬೇಕೆಂದು ಎರಡು ಸಲ ಬಸ್ ನಿಲ್ದಾಣದವರೆಗೆ ಹೋದ. ಯಾವ ಮುಖ ಹೊತ್ತುಕೊಂಡು ಹೋಗಲಿ ಎಂದು ಎರಡು ಸಲವೂ ತಿರುಗಿ ಬಂದ.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಕತೆ ಮುಂದುವರಿಯಬಹುದೆಂದು ಶಿಷ್ಯ ಕಾದ. ಮುಂದುವರಿಯಲಿಲ್ಲ. ಅವನು ತಡೆಯಲಾರದೆ, "ಅಳಿಸುವ ಮೊದಲು ಒಂದು ಕ್ಷಣ ನೋಡಿದ್ದರೆ ಸಾಕಿತ್ತಲ್ಲ, ಗುರುಗಳೇ? ಅಷ್ಟನ್ನೂ ಅವನು ಏಕೆ ಮಾಡಲಿಲ್ಲ?" ಎಂದ.

ಗುರುಗಳು ಕೇಳಿದರು: "ನೀನು ಮನೆ ಬಿಟ್ಟು ಹೊರಟ ದಿನ ಬಾಗಿಲಲ್ಲಿ ನಿಂತಿದ್ದವರು ಯಾರು?"

ಶಿಷ್ಯ ಬಾಯಿ ತೆರೆದ. ಹೊರಟ ದಿನ ಅವನು ಹಿಂದೆ ತಿರುಗಿ ನೋಡಿರಲಿಲ್ಲ.