ಗುಂಡಿಗೆ ಮಾಡಿಕೊಂಡ ಬಾಗಿಲು

"ಒಂದು ಹಿಡಿ ಮಾಂಸ ನೀನು, ನಿನ್ನ ಕೈಲಾಗುತ್ತೇನೇ?" ಎಂದು ಗುಂಡಿಗೆಯನ್ನು ನೋಡಿ ನಕ್ಕದ್ದು ಕಡವೆಯ ಹೊಟ್ಟೆ. ಆಗ ಭೂಮಿ ಇನ್ನೂ ಹಸಿಯಾಗಿತ್ತು. ಬೆಟ್ಟಗಳು ಎಲ್ಲಿ ಕೂರೋಣವೆಂದು ಜಾಗ ಹುಡುಕುತ್ತಿದ್ದವು.

ಆ ಕಾಲದಲ್ಲಿ ಕಡವೆಯ ಮೈಯೊಳಗೆ ನೆತ್ತರು ಹರಿಯುತ್ತಿರಲಿಲ್ಲ. ಹೊಟ್ಟೆಯ ಅಂಗಳದಲ್ಲಿ ಕೆರೆಯ ಹಾಗೆ ನಿಂತಿತ್ತು. ಬೇಕಾದವರು ಅಲ್ಲಿಗೇ ಹೋಗಿ ಬೊಗಸೆಯೊಡ್ಡಬೇಕು. ಅದೇ ಪದ್ಧತಿ. ಹತ್ತಿರದವರಿಗೆ ಬೇಕಾದಷ್ಟು, ದೂರದ ಕಾಲುಗಳಿಗೆ ಹನಿಯೂ ಇಲ್ಲ. ಹಾಗಾಗಿ ಕಡವೆ ಹುಟ್ಟಿದಲ್ಲೇ ಬಿದ್ದುಕೊಂಡಿತ್ತು.

ಒಂದು ದಿನ ಗಾಳಿ ಮೂಗಿನೊಳಗೆ ನುಗ್ಗಿ ಬಂತು. "ಏಳ್ರೋ! ಹುಲಿ ಹಳ್ಳ ದಾಟ್ತಿದೆ!"

"ಹೇಗೆ ಏಳೋದು ಗಾಳಿಯಣ್ಣ? ನಾವು ತಣ್ಣಗಾಗಿಹೋಗಿದ್ದೀವಿ" ಎಂದು ಕಾಲುಗಳು ಅತ್ತವು.

ಎದೆಯ ಮೂಲೆಯಲ್ಲಿದ್ದ ಗುಂಡಿಗೆಗೆ ಮೈಯೆಲ್ಲ ಉರಿದುಹೋಯಿತು. "ನೆತ್ತರು ಬಿಡಿ ಯಜಮಾನರೇ, ನಾನು ಮುಟ್ಟಿಸ್ತೀನಿ" ಎಂದಳು. ಆಗಲೇ ಹೊಟ್ಟೆ ಆ ಮಾತಾಡಿ ನಕ್ಕದ್ದು.

ಗುಂಡಿಗೆ ಅಪ್ಪಣೆಗೆ ಕಾಯಲಿಲ್ಲ. ನೆತ್ತರನ್ನು ಹೀರಿಕೊಂಡಳು. ಮುಷ್ಟಿಯಂತೆ ಬಿಗಿದು ಹಿಂಡಿದಳು. ನೆತ್ತರು ಕಾಲಿನತ್ತ ಓಡಿತು. ಅವಳು ಸಡಿಲಾದದ್ದೇ ತಡ, ಎಲ್ಲ ವಾಪಸ್ ಸುರಿಯಿತು. ಮತ್ತೆ ಹಿಂಡಿದಳು. ಮತ್ತೆ ವಾಪಸ್.

"ಮಹಾರಾಣಿ ಸುಸ್ತಾದ್ರು!" ಎಂದು ಹೊಟ್ಟೆ ತೇಗಿತು.

ಹುಲಿಯ ವಾಸನೆ ಹತ್ತಿರವಾಯಿತು. ಹೇಳಿಕೊಡುವವರು ಯಾರೂ ಇಲ್ಲ. ಗುಂಡಿಗೆ ತಾನೇ ಕಣ್ಣಿಟ್ಟು ನೋಡಿದಳು. ನೆತ್ತರು ಹೋದ ದಾರಿಯಲ್ಲೇ ಹಿಂದಕ್ಕೆ ಬರುತ್ತಿದೆ!

ಹಲ್ಲು ಕಚ್ಚಿ ತನ್ನ ಮೈಯನ್ನೇ ಹರಿದು ಕೋಣೆ ಕೋಣೆ ಮಾಡಿ, ಅವಕ್ಕೆ ತೆಳ್ಳನೆಯ ಬಾಗಿಲು ಮಾಡಿದಳು. ಒಂದಲ್ಲ, ನಾಲ್ಕು. ಎಲ್ಲವೂ ಮುಂದಕ್ಕೆ ಮಾತ್ರ ತೆರೆಯುವಂಥವು. ನೆತ್ತರು ಹಿಂದಿರುಗಿದಾಗ ಅದರ ಮುಖಕ್ಕೇ ಬಾಗಿಲು ಬಡಿದಳು. ಡವ! ಡವ!

"ಬರೋದಾದ್ರೆ ಬೇರೆ ದಾರಿಯಲ್ಲಿ ಬಾ. ಉಸಿರಿನ ಚೀಲದಲ್ಲಿರೋ ಗಾಳಿಯಣ್ಣನನ್ನು ಮಾತಾಡಿಸಿಕೊಂಡು ಹೋಗು!"

ಕಾಲುಗಳು ಬೆಚ್ಚಗಾದವು. ಕಡವೆ ಎದ್ದಿತು, ನೆಗೆಯಿತು. ಹುಲಿಯ ಪಂಜಕ್ಕೆ ಸಿಕ್ಕಿದ್ದು ಬರೀ ಹುಲ್ಲು.

"ಸಾಕು ನಿಲ್ಲಿಸೇ ತಾಯಿ, ನನ್ನ ಅಂಗಳ ಬರಿದಾಯ್ತು" ಎಂದು ಹೊಟ್ಟೆ ಗೋಗರೆಯಿತು.

"ನಿಂತರೆ ಕಾಲು ಮತ್ತೆ ತಣ್ಣಗಾಗುತ್ತೆ. ನಿಮ್ಮ ಪಾಲೂ ಇನ್ನು ನನ್ನ ಕೈಯಿಂದಲೇ. ಓಡುವಾಗ ನಿಮಗೆ ಕಡಿಮೆ!" ಎಂದಳು ಗುಂಡಿಗೆ. ಡವ! ಡವ!

ಅವಳ ಸಿಟ್ಟು ಇನ್ನೂ ಇಳಿದಿಲ್ಲ. ನಾಲ್ಕು ಕೋಣೆ, ನಾಲ್ಕು ಬಾಗಿಲು ಈಗ ಅವಳ ಸ್ವಂತದ್ದು. ಅದಕ್ಕೆ ಅವಳು ತೆತ್ತದ್ದು ತನ್ನ ನಿದ್ದೆಯನ್ನು. ಅವಳನ್ನು ನೋಡಿ ಎಲ್ಲರ ಗುಂಡಿಗೆಗಳೂ ಹಾಗೇ ಕಲಿತವು. ಅದಕ್ಕೇ ಮಗೂ, ನೀನು ಮಲಗಿ ಗೊರಕೆ ಹೊಡೆಯುವಾಗಲೂ ನಿನ್ನ ಎದೆ ಡವಡವ ಎನ್ನುತ್ತಲೇ ಇರುತ್ತದೆ.