ಅಟ್ಟದ ಮೆಟ್ಟಿಲಿಗೆ ಅಡ್ಡಬಾಗಿಲು

“ಗುರುಗಳೇ, ಆಗಬೇಕಾದದ್ದು ಹಣೆಯಲ್ಲಿ ಮೊದಲೇ ಬರೆದಿದ್ದರೆ, ಮನುಷ್ಯ ಎಚ್ಚರವಾಗಿದ್ದು ಏನು ಪ್ರಯೋಜನ?” ಎಂದು ಶಿಷ್ಯ ಕೇಳಿದ.

ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ನೇಕಾರನಿದ್ದ. ಮನೆಯಲ್ಲಿ ಅವನ ತಾಯಿ, ಹೆಂಡತಿ ಚೌಡಮ್ಮ ಮತ್ತು ಒಬ್ಬ ಎಳೆಯ ಮಗ. ನೂಲು ಇಡುವುದು ಅಟ್ಟದ ಮೇಲೆ. ಅಲ್ಲಿಗೆ ಹತ್ತಲು ಕಡಿದಾದ ಮರದ ಮೆಟ್ಟಿಲು.

ಮಗು ಅಂಬೆಗಾಲಿಟ್ಟ ದಿನ ಎಲ್ಲರೂ ನಕ್ಕರು. ಅತ್ತೆ ಮಾತ್ರ ಅತ್ತಳು. ಸೊಸೆ ಕಾರಣ ಕೇಳಿದಳು. ತನಗೆ ಬನಶಂಕರಿ ಎಂಬ ಮಗಳಿದ್ದಳು, ಇದೇ ವಯಸ್ಸಿನಲ್ಲಿ ಆ ಮೆಟ್ಟಿಲು ಹತ್ತಿ ಬಿದ್ದು ತೀರಿಕೊಂಡಳು ಎಂದು ಅತ್ತೆ ಹೇಳಿದಳು. ಅವಳ ಆಯಸ್ಸು ಅಷ್ಟೇ ಇತ್ತು, ಬರೆದದ್ದನ್ನು ಅಳಿಸುವವರು ಯಾರು ಎಂದು ಕಣ್ಣೊರೆಸಿಕೊಂಡಳು.

ಮರುದಿನ ಚೌಡಮ್ಮ ಕೆಲಸ ಮುಗಿಸಿ, ನೆಲಕ್ಕೆ ಮೊಣಕಾಲೂರಿ, ಮಗುವಿನ ಹಿಂದೆಯೇ ಮನೆಯೆಲ್ಲ ಹರಿದಾಡಿದಳು. ಆ ಎತ್ತರದಿಂದ ಅದು ಬೇರೆಯೇ ಮನೆಯಾಗಿತ್ತು. ನೂಲಿಗೆ ಹಾಕುವ ಗಂಜಿ ಕುದಿಯುವ ಪಾತ್ರೆ ಮಗುವಿನ ಕೈಗೆ ಎಟಕುತ್ತಿತ್ತು. ನೇಕಾರ ಕಾಲಿಳಿಬಿಟ್ಟು ಕೂರುವ ಮಗ್ಗದ ಗುಂಡಿ ಬಾಯ್ತೆರೆದಿತ್ತು. ಮೆಟ್ಟಿಲಿನ ಮೊದಲ ಹಲಗೆ ಮಗುವಿಗೆಂದೇ ಹೇಳಿ ಮಾಡಿಸಿದಂತಿತ್ತು.

ಅವಳು ಗಂಜಿಯ ಒಲೆಯನ್ನು ಹಿತ್ತಲಿನ ಎತ್ತರದ ಕಟ್ಟೆಗೆ ಸಾಗಿಸಿದಳು. ನೇಯದ ಹೊತ್ತಿನಲ್ಲಿ ಗುಂಡಿಗೆ ಹಲಗೆ ಮುಚ್ಚಿದಳು. ಮೆಟ್ಟಿಲಿಗೆ ಬಿದಿರಿನ ಅಡ್ಡಬಾಗಿಲು ಮಾಡಿಸಿದಳು. ಅದರ ಅಗುಳಿ ದೊಡ್ಡವರ ಕೈಗಷ್ಟೇ ಸಿಗುತ್ತಿತ್ತು.

ಮನೆಯನ್ನು ಕುರಿದೊಡ್ಡಿ ಮಾಡಿದಳೆಂದು ನೆರೆಯವರು ನಕ್ಕರು. ಕೈತುಂಬ ನೂಲು ಹೊತ್ತವನು ಬಾಗಿಲು ಹೇಗೆ ತೆಗೆಯಬೇಕೆಂದು ಗಂಡ ಗೊಣಗಿದ. ಪ್ರತಿ ಸಲವೂ ಅವಳೇ ಎದ್ದು ತೆಗೆದಳು, ಅವಳೇ ಹಾಕಿದಳು. ಆದರೆ ಅತ್ತೆಗೆ ಆ ಬಾಗಿಲು ಕಣ್ಣಿಗೆ ಬಿದ್ದಾಗಲೆಲ್ಲ ಎದೆ ಚುಚ್ಚುತ್ತಿತ್ತು.

“ನಾನು ನನ್ನ ಮಗಳನ್ನು ಕಾಯಲಿಲ್ಲ ಎಂದು ನಾಲ್ಕು ಜನಕ್ಕೆ ತೋರಿಸಲು ಇದನ್ನು ನಿಲ್ಲಿಸಿದೆಯಾ?” ಎಂದಳು ಒಂದು ದಿನ.

ಚೌಡಮ್ಮ ತಲೆ ತಗ್ಗಿಸಿದಳು. ಬಾಗಿಲನ್ನು ಮಾತ್ರ ತೆಗೆಸಲಿಲ್ಲ.

ಒಂದು ಮಧ್ಯಾಹ್ನ ಗಂಡಹೆಂಡತಿ ನೂಲು ಒಣಹಾಕಲು ಹಿತ್ತಲಿಗೆ ಹೋಗಿದ್ದರು. ಮಗುವನ್ನು ನೋಡಿಕೊಳ್ಳುತ್ತಿದ್ದ ಅತ್ತೆಗೆ ಕುಳಿತಲ್ಲೇ ಜೊಂಪು ಹತ್ತಿತು. ಬಿದಿರು ಅಲುಗಾಡುವ ಸದ್ದಿಗೆ ಎಚ್ಚರವಾಯಿತು. ಮಗು ಮೆಟ್ಟಿಲ ಬಳಿ ನಿಂತು ಬಾಗಿಲನ್ನು ಎರಡೂ ಕೈಯಿಂದ ಜಗ್ಗುತ್ತಿತ್ತು. ಬಾಗಿಲು ಬಿಡಲಿಲ್ಲ. ಮಗು ಸಿಟ್ಟಿನಿಂದ ಅತ್ತು, ಕೆಳಗೆ ಕುಳಿತು, ಅಜ್ಜಿಯ ಕಡೆ ಹರಿದು ಬಂತು.

ಚೌಡಮ್ಮ ಒಳಗೆ ಬಂದಾಗ ಅತ್ತೆ ಮಗುವನ್ನು ಅವುಚಿಕೊಂಡು ಆ ಬಾಗಿಲನ್ನೇ ನೋಡುತ್ತಿದ್ದಳು.

“ಇಷ್ಟು ಬಿದಿರು ಆಗಲೂ ಊರಿನಲ್ಲಿತ್ತು,” ಎಂದಳು. “ಹಾಗಾದರೆ ನನ್ನ ಬನಶಂಕರಿಯನ್ನು ಕೊಂದವಳು ನಾನೇ ಅಲ್ಲವೇ?”

ಚೌಡಮ್ಮ ಪಕ್ಕದಲ್ಲಿ ಕುಳಿತಳು. “ಇಲ್ಲ ಅತ್ತೆ. ಆಗ ಒಲೆ, ಮಗ್ಗ, ಮಗು ಎಲ್ಲಕ್ಕೂ ನೀವೊಬ್ಬರೇ. ಹೀಗಾಗಬಹುದೆಂದು ನಿಮಗೆ ಯಾರೂ ಹೇಳಿರಲಿಲ್ಲ. ನನಗೆ ನೀವು ಹೇಳಿದಿರಿ. ಅವಳ ಸಂಗತಿ ತಿಳಿಯದೇ ಹೋಗಿದ್ದರೆ ಈ ಬಾಗಿಲು ನನಗೆಲ್ಲಿ ಹೊಳೆಯುತ್ತಿತ್ತು? ನಿಮ್ಮ ಮೊಮ್ಮಗನನ್ನು ಇವತ್ತು ತಡೆದವಳು ಬನಶಂಕರಿ.”

ಮುದುಕಿ ಬಹಳ ಹೊತ್ತು ಅತ್ತಳು. ಅದು ಬೇರೆ ಅಳುವಾಗಿತ್ತು.

ಅಂದಿನಿಂದ ನೇಕಾರ ನೂಲು ಹೊತ್ತು ಬಂದಾಗ ಅವಳೇ ಎದ್ದು ಅಗುಳಿ ತೆಗೆಯತೊಡಗಿದಳು. ಕೇರಿಯಲ್ಲಿ ಯಾರ ಮಗು ಅಂಬೆಗಾಲಿಟ್ಟರೂ ಕರೆಯದೆಯೇ ಹೋಗಿ, ಮಗಳ ಹೆಸರು ಹಿಡಿದು ನಡೆದದ್ದನ್ನು ಹೇಳುತ್ತಿದ್ದಳು. ಹಿಂದೆ ನಕ್ಕವರೂ ಕೇಳಿದರು. ಒಬ್ಬರು ಬಾವಿಗೆ ಕಟ್ಟೆ ಕಟ್ಟಿಸಿದರು, ಇನ್ನೊಬ್ಬರು ಮಾಳಿಗೆಯ ಅಂಚಿಗೆ ಗೋಡೆ ಎಬ್ಬಿಸಿದರು. ನೇಕಾರನ ಮಗನೂ ಎಲ್ಲ ಮಕ್ಕಳಂತೆ ಮೊಣಕಾಲು ತರಚಿಕೊಂಡು, ಹಣೆಗೆ ಬುಗುಟು ಮಾಡಿಕೊಂಡು, ದೊಡ್ಡವನಾದ.

ಗುರುಗಳು ಕತೆ ನಿಲ್ಲಿಸಿದರು.

“ಹಾಗಾದರೆ ಆ ಮಗುವಿನ ಹಣೆಯಲ್ಲಿ ಏನು ಬರೆದಿತ್ತು, ಗುರುಗಳೇ?” ಎಂದು ಶಿಷ್ಯ ಕೇಳಿದ.

“ಅದನ್ನು ಓದುತ್ತ ಕೂರಲು ಆ ತಾಯಿಗೆ ಬಿಡುವಿರಲಿಲ್ಲ,” ಎಂದರು ಗುರುಗಳು.